ಅಣ್ಣ ಕೂರಿಸಿದ ಒತ್ತುಗಳು

ತಮ್ಮಣ್ಣನಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ. ಅಣ್ಣ ಅವನನ್ನು ‘ತಮ್ಮಾ’ ಎಂದು ಕೂಗುತ್ತಿದ್ದ. ಅದನ್ನೇ ಕೇಳಿಸಿಕೊಂಡ ಬೀದಿಯ ಹುಡುಗರು, ಆಮೇಲೆ ಜೊತೆಯ ಕೆಲಸದವರು, ಬರೀ ತಮ್ಮ ಎಂದರೆ ಮರ್ಯಾದೆಯಲ್ಲವೆಂದು ಅದರ ಹಿಂದೊಂದು ಅಣ್ಣನನ್ನು ಅಂಟಿಸಿದರು. ಹೀಗಾಗಿ ಐವತ್ತು ದಾಟಿ, ತಲೆಯಲ್ಲಿ ಕೂದಲಿಗಿಂತ ಬಯಲೇ ಹೆಚ್ಚಾದ ಮೇಲೂ ಅವನು ತಮ್ಮನೇ. ಅದರಿಂದ ಅವನಿಗೆ ಬೇಸರವಿತ್ತೋ ಇಲ್ಲವೋ ದೇವರಿಗೇ ಗೊತ್ತು. ಇದ್ದಿದ್ದರೂ ಬಾಯಿಬಿಟ್ಟು ಹೇಳುವ ಆಸಾಮಿಯಲ್ಲ.

ಅಪ್ಪ ಅಮ್ಮ ಬೇಗನೆ ಹೊರಟುಹೋದರು. ಆಗ ಅಣ್ಣನಿಗೆ ಮೀಸೆ ಚಿಗುರುವ ವಯಸ್ಸು, ಇವನಿಗೆ ಹಾಲುಹಲ್ಲು ಬೀಳುವ ವಯಸ್ಸು. ಅಣ್ಣ ಅಂಗಡಿಗಳಿಗೆ ಬೋರ್ಡು ಬರೆದು ಇಬ್ಬರ ಹೊಟ್ಟೆಯನ್ನೂ ನೋಡಿಕೊಂಡ. ಏಣಿಯ ಮೇಲೆ ಅವನು, ಏಣಿಯ ಬುಡದಲ್ಲಿ ಬಣ್ಣದ ಡಬ್ಬ ಹಿಡಿದು ಇವನು. ಒಂದು ಸಾಲು ಮುಗಿಯಿತೋ ಇಲ್ಲವೋ ಅಣ್ಣ ದಡದಡನೆ ಇಳಿದು, ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಸೈಕಲ್ಲಿನವರು ಬೈದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತಿದ್ದರು, ಅಣ್ಣನಿಗೆ ಅದರ ಪರಿವೆಯೇ ಇಲ್ಲ. ‘ತಮ್ಮಾ, ಆ ಮೂರನೇ ಅಕ್ಷರಕ್ಕೆ ಉಸಿರು ಕಟ್ತಾ ಇದೆ, ನೋಡು’ ಎನ್ನುವನು. ತಮ್ಮಣ್ಣ ಕತ್ತೆತ್ತಿ ನೋಡುವನು. ಮೂರನೇ ಅಕ್ಷರ ತನ್ನ ಪಾಡಿಗೆ ತಾನು ಹಾಯಾಗಿ ಕೂತಿರುತ್ತಿತ್ತು. ‘ಹೂಂ ಅಣ್ಣ, ಕಟ್ತಾ ಇದೆ’ ಎಂದುಬಿಡುತ್ತಿದ್ದ.

ಬೋರ್ಡುಗಳ ಕಾಲ ಮುಗಿದು ಪ್ಲಾಸ್ಟಿಕ್ ಬ್ಯಾನರುಗಳ ಕಾಲ ಬಂತು. ಅಣ್ಣನ ಪುಣ್ಯ, ಪುಸ್ತಕ ಅಚ್ಚು ಮಾಡುವವರಿಗೆ ಫಾಂಟುಗಳನ್ನು ತಯಾರಿಸಿ ಕೊಡುವ ಸಣ್ಣ ಕಛೇರಿಯೊಂದರ ಯಜಮಾನರು ಅವನ ಕೈಬರಹ ನೋಡಿ ಕರೆದರು. ಔಷಧಿ ಅಂಗಡಿಯ ಮೇಲಿನ ಮಹಡಿ, ಮೂರು ಕೋಣೆ, ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಅಡರುವ ಟಿಂಕ್ಚರಿನ ವಾಸನೆ. ಅಣ್ಣ ಒಂದೇ ಷರತ್ತು ಹಾಕಿದ: ‘ನನ್ನ ತಮ್ಮನೂ ಬರ್ತಾನೆ.’ ತಮ್ಮಣ್ಣ ಅಷ್ಟು ಹೊತ್ತಿಗೆ ಕಂಪ್ಯೂಟರ್ ಕಲಿತಿದ್ದ. ಅಣ್ಣ ದಪ್ಪ ಕಾಗದದ ಮೇಲೆ ಅಂಗೈ ಅಗಲದ ಅಕ್ಷರ ಬರೆಯುವುದು, ತಮ್ಮಣ್ಣ ಅದನ್ನು ಸ್ಕ್ಯಾನ್ ಮಾಡಿ ಫಾಂಟು ತಿದ್ದುವ ಸಾಫ್ಟ್‌ವೇರಿನೊಳಗೆ ತಂದು, ಅದರ ಅಂಚಿಗೆ ಚುಕ್ಕಿ ಇಟ್ಟು ಗೆರೆ ಎಳೆಯುವುದು. ಇಬ್ಬರೂ ಸೇರಿದರೆ ಒಂದು ಅಕ್ಷರ.

ಅಣ್ಣನಿಗೆ ಮದುವೆಯಾಗಿ ಅತ್ತಿಗೆ ಬಂದರು. ತಮ್ಮಣ್ಣ ಮದುವೆಯ ಗೋಜಿಗೇ ಹೋಗದೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದ. ‘ನನಗೆ ಬೇರೆ ಸಂಸಾರ ಯಾಕೆ ಅತ್ತಿಗೆ, ಇದೇ ತುಂಬಿ ತುಳುಕ್ತಾ ಇದೆ’ ಎನ್ನುತ್ತಿದ್ದ. ‘ತುಳುಕ್ತಾ ಇರೋದು ನಿಮ್ಮಿಬ್ಬರ ಕಾಗದದ ಚೂರು ಕಣಪ್ಪ, ಗುಡಿಸೋಳು ನಾನು’ ಎಂದು ಅವರು ಪೊರಕೆ ತೋರಿಸುತ್ತಿದ್ದರು. ಬೈಗುಳ ಎಷ್ಟೇ ಇದ್ದರೂ ಅವನ ತಟ್ಟೆಗೆ ಮೊದಲು ಬಡಿಸುತ್ತಿದ್ದವರು ಅವರೇ.

ಈಗ ಒತ್ತಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಅಕ್ಷರ ಬರೆಯುವುದು ಒಂದು ಕೆಲಸ, ಅದರ ಕೆಳಗೆ ಒತ್ತಕ್ಷರ ಕೂರಿಸುವುದು ಇನ್ನೊಂದು. ಒತ್ತು ಚೂರು ಬಲಕ್ಕೆ ಹೋದರೆ ಮುಂದಿನ ಅಕ್ಷರದ ಕಾಲು ತುಳಿಯುತ್ತದೆ, ಎಡಕ್ಕೆ ಬಂದರೆ ತನ್ನ ಅಕ್ಷರದ ಹೊಟ್ಟೆಗೇ ತಿವಿಯುತ್ತದೆ, ಕೆಳಗಿಳಿದರೆ ಕೆಳಸಾಲಿನ ತಲೆಗೆ ಬಡಿಯುತ್ತದೆ. ಅದಕ್ಕೇ ಒಂದೊಂದು ಜೋಡಿಗೂ ಎಡಬಲಕ್ಕೆ ಒಂದು ಅಂಕಿ, ಮೇಲೆ ಕೆಳಗೆ ಒಂದು ಅಂಕಿ ಕೊಡಬೇಕು. ಇಂಥ ಜೋಡಿಗಳು ಲೆಕ್ಕವಿಲ್ಲದಷ್ಟು. ಮೊದಲನೆಯ ಫಾಂಟು ಮಾಡಿದಾಗ ತಮ್ಮಣ್ಣ ತಲೆ ಓಡಿಸಿದ. ಅಕ್ಷರ ಇಷ್ಟು ಅಗಲವಿದ್ದರೆ ಒತ್ತು ಇಷ್ಟು ದೂರ ಎಂದು ಒಂದು ಸೂತ್ರ ಕಟ್ಟಿ, ಎಲ್ಲ ಅಂಕಿಗಳನ್ನೂ ಕಂಪ್ಯೂಟರಿನಿಂದಲೇ ಲೆಕ್ಕ ಹಾಕಿಸಿ ಒಂದು ಟೆಕ್ಸ್ಟ್ ಫೈಲ್ ಮಾಡಿದ. ಸಾಲಿಗೊಂದು ಜೋಡಿ, ಜೋಡಿಯ ಮುಂದೆ ಅದರ ಅಂಕಿಗಳು. ಸಾಫ್ಟ್‌ವೇರಿನಲ್ಲಿ ‘ಇಂಪೋರ್ಟ್’ ಎಂಬ ಗುಂಡಿ ಒತ್ತಿದರೆ ಅವೆಲ್ಲ ಒಂದೇ ಏಟಿಗೆ ಫಾಂಟಿನೊಳಗೆ ಇಳಿದವು, ನೀರು ಕುಡಿದಷ್ಟು ಸಲೀಸಾಗಿ. ಯಜಮಾನರು ಬೆನ್ನು ತಟ್ಟಿದರು. ಅಣ್ಣ ಮಾತ್ರ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದು, ‘ಚೆನ್ನಾಗಿದೆ ಕಣೋ. ಎಲ್ಲರನ್ನೂ ಡ್ರಿಲ್ ಮೇಷ್ಟ್ರು ಸಾಲಾಗಿ ನಿಲ್ಲಿಸಿದ ಹಾಗಿದೆ’ ಎಂದ. ಕಛೇರಿಯವರೆಲ್ಲ ನಕ್ಕರು. ತಮ್ಮಣ್ಣನೂ ಹಲ್ಲು ಕಿರಿದ. ಆದರೆ ಆ ಮಾತು ಅವನಿಗೆ ನಾಟಿತು, ವರ್ಷಗಟ್ಟಲೆ ಹೋಗಲಿಲ್ಲ.

ಎರಡನೆಯ ದೊಡ್ಡ ಕೆಲಸ ಬಂದದ್ದು ಅಣ್ಣನಿಗೆ ವಯಸ್ಸಾದ ಮೇಲೆ. ಮಕ್ಕಳು ಓದಲು ಕಲಿಯುವ ಪುಸ್ತಕಕ್ಕೆ ಹೊಸ ಫಾಂಟು ಬೇಕಿತ್ತು. ಅಣ್ಣ ಈ ಸಲ ಖಡಾಖಂಡಿತವಾಗಿ ಹೇಳಿದ: ‘ಗೆರೆ ನೀನು ಎಳಿ. ಒತ್ತು ಮಾತ್ರ ನಾನೇ ಕೂರಿಸ್ತೀನಿ. ಒಂದೊಂದನ್ನೂ.’ ಮೌಸು ಎಂದರೆ ಮಾರು ದೂರ ಹಾರುತ್ತಿದ್ದವನು ಹಟ ಹಿಡಿದು ಅದನ್ನು ಕಲಿತ. ಮನೆಮಂದಿಯ ಹೆಸರುಗಳನ್ನೇ ಪರದೆಯ ಮೇಲೆ ಹಾಕಿಕೊಂಡು ಒತ್ತುಗಳನ್ನು ಪರೀಕ್ಷಿಸುತ್ತಿದ್ದ: ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ, ಅತ್ತೆ, ಅಜ್ಜಿ. ‘ನೋಡೋ, ನಮ್ಮಲ್ಲಿ ಮುಕ್ಕಾಲು ನೆಂಟರಿಗೆ ಒಂದೊಂದು ಒತ್ತು ಇದ್ದೇ ಇದೆ. ಮಾವನಿಗೆ ನೋಡು, ಇಲ್ಲ. ಅದಕ್ಕೇ ಅವನು ಕಾಲು ಚಾಚ್ಕೊಂಡು ಆರಾಮಾಗಿರ್ತಾನೆ’ ಎಂದು ತನ್ನ ಮಾತಿಗೆ ತಾನೇ ನಗುತ್ತಿದ್ದ. ‘ಅತ್ತಿಗೆ’ ಎಂಬ ಪದದ ಒತ್ತನ್ನು ಕೂರಿಸಲು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡ. ‘ಅವಳು ಎಲ್ಲಿ ಕೂರಿಸಿದರೂ ಕೂರೋಳಲ್ಲ’ ಎಂದು ಗೊಣಗುತ್ತ ಆ ಒತ್ತನ್ನು ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ ಸರಿಸುತ್ತಿದ್ದುದನ್ನು ತಮ್ಮಣ್ಣ ಪಕ್ಕದಲ್ಲಿ ನಿಂತು ನೋಡಿದ್ದ. ಕೊನೆಗೆ ಅದು ಕೂತಾಗ, ಜೀವಮಾನದಲ್ಲಿ ಮೊದಲ ಸಲ, ತಮ್ಮಣ್ಣನಿಗೂ ಅದು ಕೂತಂತೆ ಕಂಡಿತು.

ಅಣ್ಣನದೊಂದು ಪದ್ಧತಿಯಿತ್ತು. ಪ್ರೂಫ್ ತೆಗೆದು ನೋಡಿದ ಮೇಲೆ ಆ ಹಾಳೆಯನ್ನು ಅಲ್ಲೇ ಹರಿದು ಬುಟ್ಟಿಗೆ ಹಾಕಿಬಿಡುವನು. ಹಳೆಯ ಪ್ರೂಫ್ ಕೈಗೆಟುಕುವಂತಿದ್ದರೆ ಕಣ್ಣು ಸೋಮಾರಿಯಾಗಿ ಅದನ್ನೇ ಒಪ್ಪಿಕೊಂಡುಬಿಡುತ್ತದೆ ಎನ್ನುವುದು ಅವನ ವಾದ. ಅಂಕಿಗಳನ್ನು ಬೇರೆ ಕಡೆ ಬರೆದಿಡುವುದಕ್ಕೂ ಬಿಡಲಿಲ್ಲ. ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಿದ್ದ.

ಕೆಲಸ ಮುಗಿಯುವ ಮೊದಲೇ ಕಣ್ಣು ಮುಗಿಯುತ್ತ ಬಂತು. ಸಕ್ಕರೆ ಕಾಯಿಲೆ ಅವನ ಎಡಗಣ್ಣನ್ನು ಎಂದೋ ತಿಂದು ಹಾಕಿತ್ತು, ಈಗ ಬಲಗಣ್ಣಿಗೆ ಕೈಹಾಕಿತ್ತು. ಪ್ರೂಫ್ ಹಾಳೆ ಓದಲಾಗದೆ ಅವನು ಪರದೆಯ ಮೇಲೇ ಅಕ್ಷರವನ್ನು ಹಿಗ್ಗಿಸಿಕೊಂಡು ನೋಡತೊಡಗಿದ. ಬರಬರುತ್ತ ಒಂದು ಅಕ್ಷರವೇ ಪರದೆ ತುಂಬುವಷ್ಟಾಯಿತು. ಮೂಗು ಗಾಜಿಗೆ ತಾಗುವಂತೆ ಕೂತಿರುತ್ತಿದ್ದ, ಗಾಜಿನ ಮೇಲೆ ಉಸಿರಿನ ಮಂಜು. ತಮ್ಮಣ್ಣ ತಡೆಯಲಾರದೆ, ‘ಅಣ್ಣಾ, ಉಳಿದಿದ್ದನ್ನ ನಾನು ಮಾಡ್ತೀನಿ, ನೀನು ಹೇಳು ಸಾಕು’ ಎಂದ. ಅಣ್ಣ ತಿರುಗಿಯೂ ನೋಡಲಿಲ್ಲ. ‘ಇದೊಂದು ನನಗೆ ಬಿಟ್ಬಿಡೋ. ಇನ್ನೇನೂ ಕೇಳಲ್ಲ.’

ಒಂದು ದಿನ ಬೆಳಿಗ್ಗೆ ಅಣ್ಣ ಹಾಸಿಗೆಯಿಂದ ಎದ್ದವನೇ, ‘ಯಾಕೆ, ಇನ್ನೂ ಬೆಳಕಾಗಿಲ್ವಾ?’ ಎಂದ. ಕಿಟಕಿಯ ತುಂಬ ಬಿಸಿಲಿತ್ತು. ಅತ್ತಿಗೆಯ ಕೈಯಲ್ಲಿದ್ದ ಲೋಟ ಕೆಳಕ್ಕೆ ಬಿತ್ತು. ಕಣ್ಣಿನೊಳಗೆ ರಕ್ತ ಒಸರಿ ತುಂಬಿಕೊಂಡಿದೆ ಎಂದರು ಡಾಕ್ಟರಮ್ಮ. ತೆಗೆದು ನೋಡಬಹುದು, ಆದರೆ ಸಕ್ಕರೆ ಹೀಗೆ ಏರಿರುವಾಗ ಕತ್ತರಿ ಮುಟ್ಟಿಸುವುದಿಲ್ಲ, ಮೊದಲು ಅದು ಇಳಿಯಲಿ, ಕೆಲವು ತಿಂಗಳು ಹಿಡಿಯುತ್ತದೆ ಎಂದರು. ಅಣ್ಣ ಮನೆಯಲ್ಲಿ ಕೂತ.

ಕಛೇರಿಯಲ್ಲಿ ತಮ್ಮಣ್ಣ ಫಾಂಟು ತೆರೆದು ನೋಡಿದ. ಅಣ್ಣ ಹೆಚ್ಚುಕಡಿಮೆ ಎಲ್ಲವನ್ನೂ ಮುಗಿಸಿದ್ದ. ಅಪರೂಪಕ್ಕೆ ಬರುವ ಒಂದಷ್ಟು ಜೋಡಿಗಳು ಮಾತ್ರ ಖಾಲಿ ಉಳಿದಿದ್ದವು. ಅಚ್ಚಿನವರು ಅವಸರ ಮಾಡುತ್ತಿದ್ದರು, ಯಜಮಾನರು ದಿನಕ್ಕೊಂದು ಸಲ ಬಾಗಿಲಲ್ಲಿ ಇಣುಕುತ್ತಿದ್ದರು. ಆಗ ತಮ್ಮಣ್ಣನಿಗೆ ತನ್ನ ಹಳೆಯ ಟೆಕ್ಸ್ಟ್ ಫೈಲ್ ನೆನಪಾಯಿತು. ಖಾಲಿ ಇರುವ ಜಾಗಗಳಿಗೆ ಅದರ ಅಂಕಿಗಳನ್ನು ತುಂಬಿಬಿಟ್ಟರೆ ಆಯಿತಲ್ಲ, ಯಾರೂ ಬಳಸದ ಜೋಡಿಗಳು, ಅಣ್ಣನ ಒತ್ತುಗಳ ತಂಟೆಗೇನೂ ಹೋಗುವುದಿಲ್ಲವಲ್ಲ. ಮನಸ್ಸಿನ ಮೂಲೆಯಲ್ಲಿ ಇನ್ನೂ ಒಂದು ಇತ್ತು, ಮುಚ್ಚಿಡುವುದೇಕೆ: ಅಣ್ಣನ ಫಾಂಟಿನಲ್ಲಿ ತನ್ನವೂ ನಾಲ್ಕು ಇರಲಿ ಎಂಬ ಆಸೆ.

ಇಂಪೋರ್ಟ್ ಒತ್ತಿದ. ಸಾಫ್ಟ್‌ವೇರು ಎಂದಿನಂತೆ ಕೇಳಿತು: ಇರುವುದರ ಜೊತೆ ಸೇರಿಸಲೋ, ಇರುವುದನ್ನು ತೆಗೆದು ತುಂಬಲೋ? ಅವನು ಇಷ್ಟು ವರ್ಷ ಇಂಪೋರ್ಟ್ ಮಾಡಿದ್ದೆಲ್ಲ ಖಾಲಿ ಫಾಂಟುಗಳಿಗೆ. ಅಲ್ಲಿ ಯಾವಾಗಲೂ ಎರಡನೆಯದೇ. ಕೈಗೆ ಅದೇ ರೂಢಿ, ಕಣ್ಣು ಓದುವ ಮೊದಲೇ ಬೆರಳು ಒತ್ತಿಯಾಗಿತ್ತು. ಪರದೆ ಒಮ್ಮೆ ಮಿಟುಕಿತು. ಖಾಲಿ ಜಾಗ ಒಂದೂ ಉಳಿಯಲಿಲ್ಲ. ತಮ್ಮಣ್ಣ ಪುಟಗಳನ್ನು ಸರಿಸಿ ನೋಡಿದ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಸೇವ್ ಮಾಡಿದ. ಕೈ ಒರೆಸಿಕೊಂಡು ಕಾಫಿ ಕುಡಿದ. ಹೌದ್ರೀ, ಸಂತೋಷದಿಂದಲೇ ಕುಡಿದ.

ವಾರದ ಕೊನೆಯಲ್ಲಿ ಯಜಮಾನರು ಕಛೇರಿಯ ಕೆಲಸವನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡುತ್ತಿದ್ದರು. ಡಿಸ್ಕ್ ಚಿಕ್ಕದು, ಹಳೆಯ ನಕಲಿನ ಮೇಲೇ ಹೊಸದು ಕೂರುತ್ತಿತ್ತು. ಆ ವಾರವೂ ಕೂತಿತು.

ಮಾರನೆಯ ವಾರ ಪುಸ್ತಕದ ಪ್ರೂಫ್ ಬಂತು. ತಮ್ಮಣ್ಣ ಕಿಟಕಿಯ ಬಳಿ ನಿಂತು ಹಾಳೆಗಳನ್ನು ತಿರುವುತ್ತಿದ್ದ. ಒಂದು ಪಾಠದಲ್ಲಿ ಯಾರೋ ಅತ್ತಿಗೆ ಬಾವಿಯಿಂದ ನೀರು ತರುತ್ತಿದ್ದಳು. ಆ ಪದದ ಮೇಲೆ ಅವನ ಕಣ್ಣು ನಿಂತಿತು. ಒತ್ತು ಮುಂದಿನ ಅಕ್ಷರಕ್ಕೆ ಒತ್ತಿಕೊಂಡಿತ್ತು. ಅಚ್ಚಿನ ತಪ್ಪಿರಬೇಕು ಎಂದುಕೊಂಡ. ಆದರೂ ಹೋಗಿ ಫಾಂಟು ತೆರೆದ. ಅಣ್ಣ ಕೊಟ್ಟ ಅಂಕಿಗಳು ಯಾವ ಎರಡೂ ಒಂದೇ ಸಮ ಇರುತ್ತಿರಲಿಲ್ಲ. ಇಲ್ಲಿ ಒಂದೇ ಅಗಲದ ಅಕ್ಷರಗಳಿಗೆಲ್ಲ ಒಂದೇ ಅಂಕಿ, ಮೇಲಿಂದ ಕೆಳಗಿನವರೆಗೂ, ಡ್ರಿಲ್ ಮೇಷ್ಟ್ರು ನಿಲ್ಲಿಸಿದ ಹಾಗೆ. ಸೇರಿಸುವ ಬದಲು, ಇದ್ದುದನ್ನೆಲ್ಲ ತೆಗೆದು ತುಂಬಿಬಿಟ್ಟಿದ್ದ. ಡಿಸ್ಕನ್ನು ಹಾಕಿ ನೋಡಿದ, ಅಲ್ಲೂ ಅದೇ. ಬುಟ್ಟಿ ನೋಡಿದ. ಅದು ಖಾಲಿಯಾಗಿ ಎಷ್ಟೋ ದಿನವಾಗಿತ್ತು. ಅಣ್ಣನ ಕುರ್ಚಿಯಲ್ಲೇ ಕುಸಿದು ಕೂತ.

ಯಜಮಾನರಿಗೆ ಹೇಳಿದ. ಅವರು ಕನ್ನಡಕ ಏರಿಸಿಕೊಂಡು ಪ್ರೂಫನ್ನು ಹತ್ತಿರ ಹಿಡಿದರು, ದೂರ ಹಿಡಿದರು. ‘ನನಗೇನೂ ಕಾಣಿಸ್ತಿಲ್ವಲ್ಲಪ್ಪ. ಚೆನ್ನಾಗೇ ಇದೆ. ಯಾರು ಭೂತಗನ್ನಡಿ ಹಿಡ್ಕೊಂಡು ಓದ್ತಾರೆ? ಕಳಿಸು, ಕಳಿಸು.’

‘ಸ್ವಲ್ಪ ದಿನ ಕೊಡಿ ಸಾರ್, ನಾನೇ ಕೂತು ಸರಿಮಾಡ್ತೀನಿ.’

‘ಈ ವಾರ ಮುಗಿಯೋವರೆಗೂ ತಗೋ. ಅದಕ್ಕಿಂತ ಒಂದು ದಿನವೂ ಆಗಲ್ಲ.’

ಕೂತ. ಊಟದ ಹೊತ್ತಿನಲ್ಲೂ ಏಳಲಿಲ್ಲ. ಒತ್ತನ್ನು ಎಡಕ್ಕೆ ಸರಿಸಿದರೆ ಸರಿಯೆನಿಸುತ್ತಿತ್ತು. ಬಲಕ್ಕೆ ಸರಿಸಿದರೂ ಸರಿಯೆನಿಸುತ್ತಿತ್ತು. ಎಲ್ಲಿಟ್ಟರೂ ಸರಿ! ಅಯ್ಯೋ, ತಪ್ಪೆನಿಸಿದ್ದರೆ ತಿದ್ದಬಹುದಿತ್ತು. ‘ಅತ್ತಿಗೆ’ ಎಂಬ ಒಂದು ಪದದ ಒತ್ತನ್ನು ಮಾತ್ರ ಆ ಮಧ್ಯಾಹ್ನದ ನೆನಪಿನಿಂದ ಹೇಗೋ ಕೂರಿಸಿದ, ಅದೂ ಅಣ್ಣ ಇಟ್ಟ ಜಾಗವೇ ಹೌದೋ ಅಲ್ಲವೋ ಹೇಳಲಾರದಾದ. ಉಳಿದವು ಡ್ರಿಲ್ಲಿನಲ್ಲೇ ಅಚ್ಚಿಗೆ ಹೋದವು.

ಆ ಸಂಜೆ ಅವನು ಹೇಳಿಯೇಬಿಡಬೇಕೆಂದು ಮನೆಗೆ ಬಂದ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಿದ್ದ. ಅಣ್ಣ ಅಡುಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಮೊರ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದ. ಕಾಳು ಮೊರಕ್ಕಿಂತ ನೆಲಕ್ಕೇ ಹೆಚ್ಚು ಬೀಳುತ್ತಿತ್ತು, ಅತ್ತಿಗೆ ಸದ್ದಿಲ್ಲದೆ ಆರಿಸಿಕೊಳ್ಳುತ್ತಿದ್ದರು. ಚಪ್ಪಲಿಯ ಸಪ್ಪಳ ಕೇಳಿದ್ದೇ ಅಣ್ಣ ಮುಖ ಎತ್ತಿದ.

‘ತಮ್ಮಾ? ಬಂದ್ಯಾ? ಹೋಯ್ತಾ ಅಚ್ಚಿಗೆ?’

‘ಹೋಯ್ತಣ್ಣ.’

‘ನನ್ನ ಒತ್ತು ಎಲ್ಲಾ ಹಾಗೇ ಇವೆ ತಾನೇ? ಯಜಮಾನರು ಅವಸರಕ್ಕೆ ಏನೂ ಕೈಯಾಡಿಸಲಿಲ್ಲ ತಾನೇ?’

ಬಾಯಿ ತೆರೆದ ತಮ್ಮಣ್ಣ. ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ‘ನೀನು ಇಟ್ಟ ಹಾಗೇ ಇವೆ ಅಣ್ಣ’ ಎಂದ.

ಅಣ್ಣ ಕುರ್ಚಿಗೆ ಒರಗಿದ. ‘ಅಷ್ಟು ಸಾಕು ಬಿಡು. ಕಣ್ಣು ಹೋದರೂ ಖರ್ಚಾಗಿದ್ದು ಒಳ್ಳೇದಕ್ಕೇ.’ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. ತಮ್ಮಣ್ಣ ಕೈಕಾಲು ತೊಳೆಯುವ ನೆವ ಮಾಡಿ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಅತ್ತ.

ಪುಸ್ತಕ ಅಚ್ಚಾಗಿ ಬಂತು. ಯಾರಾದರೊಬ್ಬರು ಬೈಯಬಾರದೆ ಎಂದು ತಮ್ಮಣ್ಣ ಕಾದ. ಯಾರೂ ಬೈಯಲಿಲ್ಲ. ಅಚ್ಚಿನವರು ಚೆನ್ನಾಗಿದೆ ಎಂದರು, ಮೇಷ್ಟ್ರುಗಳು ಚೆನ್ನಾಗಿದೆ ಎಂದರು, ಯಜಮಾನರು ನಾನು ಹೇಳಲಿಲ್ಲವೇ ಎಂಬಂತೆ ಹುಬ್ಬು ಹಾರಿಸಿದರು. ಇಡೀ ಲೋಕದಲ್ಲಿ ಅದನ್ನು ನೋಡಿ ಛೀ ಎನ್ನಬಲ್ಲವನು ಒಬ್ಬನೇ ಇದ್ದ, ಅವನಿಗೆ ಕಣ್ಣಿರಲಿಲ್ಲ. ಇದಕ್ಕಿಂತ ಬೇರೆ ಶಿಕ್ಷೆ ಬೇಕೆ?

ಬೇಕಿತ್ತು, ಬಂತು. ಅಣ್ಣ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹಾಳೆಗಳನ್ನು ಸವರುತ್ತ, ‘ಬಾರೋ, ಕೂತ್ಕೋ. ಓದಿ ಹೇಳು’ ಎನ್ನತೊಡಗಿದ. ಓದುವುದೆಂದರೆ ಕಥೆಯನ್ನಲ್ಲ. ‘ಎಡಗಡೆ ಪುಟದಲ್ಲಿ ಏನಿದೆ? ಬೆಕ್ಕು ಇದೆಯಾ? ಅದರ ಒತ್ತು ಹೇಗೆ ಕೂತಿದೆ ಹೇಳು.’ ಕಛೇರಿಯಿಂದ ಬಂದ ಮೇಲೆ ದಿನವೂ ಇದೇ. ಮೊದಮೊದಲು ತಮ್ಮಣ್ಣ, ಚೆನ್ನಾಗಿ ಕೂತಿದೆ ಎಂದು ತೇಲಿಸಿಬಿಡುತ್ತಿದ್ದ. ಅಣ್ಣ ಬಿಡಬೇಕಲ್ಲ! ‘ಚೆನ್ನಾಗಿ ಅಂದ್ರೆ? ಹೊಟ್ಟೆಗೆ ತಾಗಿದೆಯಾ, ಜಾಗ ಬಿಟ್ಟಿದೆಯಾ?’ ತಮ್ಮಣ್ಣ ಪುಟದ ಮೇಲಿದ್ದ ಒತ್ತನ್ನು ನೋಡುವನು. ಅಣ್ಣನಾಗಿದ್ದರೆ ಎಲ್ಲಿ ಇಡುತ್ತಿದ್ದ ಎಂದು ಯೋಚಿಸುವನು. ಆಮೇಲೆ ಅದನ್ನು ಹೇಳುವನು. ‘ಚೂರೇ ಚೂರು ಜಾಗ ಬಿಟ್ಟಿದೆ ಅಣ್ಣ. ಮುಂದಿನ ಅಕ್ಷರದ ಕಡೆ ವಾಲಿದೆ, ಆದ್ರೆ ತಾಗಿಲ್ಲ.’ ಅಣ್ಣನ ಮುಖ ಅರಳುತ್ತಿತ್ತು. ‘ಹಾಂ! ಅದೇ. ಅಲ್ಲೇ ಇಟ್ಟಿದ್ದೆ.’

ತಿಂಗಳುಗಳು ಕಳೆದವು. ಸುಳ್ಳು ಹೇಳಲು ಯೋಚಿಸಿ ಯೋಚಿಸಿ ತಮ್ಮಣ್ಣನಿಗೆ ಏನೋ ಆಯಿತು. ಪುಟ ತೆರೆದ ಕೂಡಲೇ ಒತ್ತು ಎಲ್ಲಿ ತಪ್ಪಿ ಕೂತಿದೆ, ಎಲ್ಲಿರಬೇಕಿತ್ತು ಎಂದು ಅವನಿಗೆ ತಾನಾಗಿ ಕಾಣತೊಡಗಿತು. ರಸ್ತೆಯಲ್ಲಿ ಬ್ಯಾನರು ನೋಡಿದರೆ ಅಕ್ಷರಗಳಿಗೆ ಉಸಿರು ಕಟ್ಟುವುದು ಕಾಣುತ್ತಿತ್ತು. ಒಂದು ದಿನ ಅವನು ಯಾವುದೋ ಪದವನ್ನು ವಿವರಿಸಿ ಮುಗಿಸಿದಾಗ ಅಣ್ಣ, ‘ನಿನಗೆ ಕಣ್ಣು ಬಂತು ಕಣೋ’ ಎಂದ. ‘ನನ್ನದೇ ತಪ್ಪು. ನಿನ್ನ ಕೈಗೆ ಒತ್ತು ಮೊದಲೇ ಕೊಡಬೇಕಾಗಿತ್ತು. ಜಿಪುಣನ ಹಾಗೆ ನಾನೇ ಇಟ್ಕೊಂಡೆ.’ ಹುಟ್ಟಿದಾಗಿನಿಂದ ಅಣ್ಣನ ಬಾಯಿಂದ ಕೇಳಬೇಕೆಂದುಕೊಂಡಿದ್ದ ಮಾತು ಅದು. ಕೇಳಿದಾಗ ತಮ್ಮಣ್ಣನಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ಕಣ್ಣು ಬಂತಲ್ಲ, ಇನ್ನಾದರೂ ಸರಿಮಾಡೋಣವೆಂದು ಕಛೇರಿಯಲ್ಲಿ ಫಾಂಟು ತೆರೆದು ಕೂರತೊಡಗಿದ. ದಿನಕ್ಕೆ ಒಂದೆರಡು ಒತ್ತು ಕೂತರೆ ಹೆಚ್ಚು. ಅಷ್ಟರಲ್ಲಿ ಡಾಕ್ಟರಮ್ಮನಿಂದ ಕರೆ ಬಂತು: ಸಕ್ಕರೆ ಇಳಿದಿದೆ, ಆಪರೇಷನ್ ಮಾಡಬಹುದು. ಕಣ್ಣಿನ ಹಿಂದಿನ ಪರದೆ ಕೆಡದೆ ಇದ್ದರೆ ಓದುವಷ್ಟು ದೃಷ್ಟಿ ಬಂದರೂ ಬರಬಹುದು, ಕೆಟ್ಟಿದ್ದರೆ ಏನೂ ಮಾಡಲಾಗುವುದಿಲ್ಲ, ರಕ್ತ ತೆಗೆಯದೆ ಹೇಳಲು ಬರುವುದಿಲ್ಲ.

ಮನೆಯ ಬಣ್ಣವೇ ಬದಲಾಯಿತು. ಅತ್ತಿಗೆ ಗುನುಗುತ್ತ ಓಡಾಡಿದರು. ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಟವೆಲು, ಲೋಟ, ಬದಲಿ ಅಂಗಿ ತುಂಬುತ್ತಿದ್ದವರಿಗೆ ಅಣ್ಣ ಕೂತಲ್ಲಿಂದಲೇ ಕೂಗಿ ಹೇಳಿದ: ‘ಲೇ, ಆ ಪುಸ್ತಕ ಹಾಕಿದ್ಯಾ? ಪಟ್ಟಿ ಬಿಚ್ಚಿದ ಕೂಡಲೇ ಮೊದಲು ಅದನ್ನ ನೋಡ್ಬೇಕು.’

‘ಮೊದಲು ನನ್ನ ಮುಖ ನೋಡಲ್ವೇನ್ರೀ?’

‘ನಿನ್ನ ಮುಖ ಗೊತ್ತಿರೋದೇ. ಅಚ್ಚಾಗಿರೋದು ನೋಡಿಲ್ಲ.’

ಅತ್ತಿಗೆ ನಕ್ಕು ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟರು. ತಮ್ಮಣ್ಣ ಆ ಚೀಲವನ್ನು ಹೊತ್ತುಕೊಂಡು ನಡೆದ.

ಗಾಡಿಯಲ್ಲಿ ಅಣ್ಣನ ಪಕ್ಕದಲ್ಲಿ ಕೂತು ಅವನು ಕೊನೆಯ ಸಲ ಪ್ರಯತ್ನಪಟ್ಟ. ‘ಅಣ್ಣಾ, ನಿನಗೊಂದು ವಿಷಯ ಹೇಳ್ಬೇಕು.’ ಅವನ ದನಿ ನಡುಗುತ್ತಿತ್ತು. ಅಣ್ಣ ತಡವರಿಸಿ ಅವನ ಮೊಣಕಾಲನ್ನು ಹುಡುಕಿ ತಟ್ಟಿದ. ‘ಹೆದರ್ಕೋಬೇಡ ಕಣೋ. ಕುಯ್ಯೋದು ನನ್ನ ಕಣ್ಣನ್ನ, ನಿನ್ನದನ್ನಲ್ಲ.’ ಗಾಡಿ ಓಡಿಸುವವನೂ ನಕ್ಕುಬಿಟ್ಟ. ಮಾತು ಅಲ್ಲಿಗೇ ನಿಂತಿತು.

ಆಪರೇಷನ್ ಕೋಣೆಯ ಹೊರಗೆ ಗೋಡೆಗೆ ಸಾಲಾಗಿ ಕುರ್ಚಿಗಳಿದ್ದವು. ಅತ್ತಿಗೆ ಕಣ್ಣು ಮುಚ್ಚಿ ಕೂತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ತಮ್ಮಣ್ಣನೂ ಕೈಮುಗಿದ. ದೇವರೇ, ಅಣ್ಣನಿಗೆ, ಎಂದು ಶುರುಮಾಡಿದ. ಮುಂದಕ್ಕೆ ಹೋಗಲಿಲ್ಲ. ಅಣ್ಣನಿಗೆ ಕಣ್ಣು ಬಂದರೆ ಪುಸ್ತಕ ತೆರೆಯುತ್ತಾನೆ. ತೆರೆದರೆ ನೋಡುತ್ತಾನೆ. ಆಮೇಲೆ ಕತ್ತೆತ್ತಿ ತನ್ನನ್ನು ನೋಡುತ್ತಾನೆ. ಇಷ್ಟು ತಿಂಗಳು ದಿನವೂ ಪಕ್ಕದಲ್ಲಿ ಕೂತು ಹೇಳಿದ್ದೆಲ್ಲ ಏನು ಎಂದು ಕೇಳುವುದೂ ಇಲ್ಲ, ಸುಮ್ಮನೆ ನೋಡುತ್ತಾನೆ. ಬರದೇ ಹೋದರೆ? ಎಂದು ಒಳಗಿನಿಂದ ಯಾರೋ ಕೇಳಿದಂತಾಯಿತು. ಬರದೇ ಹೋದರೆ ಎಲ್ಲ ಹೀಗೇ ಇರುತ್ತದಲ್ಲ. ತನ್ನ ತಲೆಯೊಳಗೇ ಹುಟ್ಟಿದ ಆ ಮಾತಿಗೆ ಅವನು ಬೆಚ್ಚಿಬಿದ್ದ. ಏಣಿಯ ಮೇಲೆ ಬಿಸಿಲಲ್ಲಿ ನಿಂತು ತನಗೆ ಅನ್ನ ಹಾಕಿದವನು! ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ವಾಪಸು ಬಂದು ಕೂತರೆ ಆ ಯೋಚನೆ ಅದೇ ಕುರ್ಚಿಯಲ್ಲಿ ಕಾಯುತ್ತಿತ್ತು.

ಮರುದಿನ ಪಟ್ಟಿ ಬಿಚ್ಚಿದರು. ಅಣ್ಣ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ, ಕೂದಲು ಬಾಚಿಸಿಕೊಂಡಿದ್ದ. ಅತ್ತಿಗೆ ಪುಸ್ತಕವನ್ನು ಟವೆಲಿನಿಂದ ಬಿಡಿಸಿ ಎದೆಗೆ ಅವುಚಿಕೊಂಡು ನಿಂತಿದ್ದರು. ಡಾಕ್ಟರಮ್ಮ ಕಣ್ಣನ್ನು ಹತ್ತಿಯಿಂದ ಒರೆಸಿ, ಮುಖದ ಮುಂದೆ ಕೈ ಹಿಡಿದರು.

‘ಎಷ್ಟು ಬೆರಳು ಹೇಳಿ?’

ಅಣ್ಣ ಮುಖವನ್ನು ನಿಧಾನವಾಗಿ ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ‘ಕೈ ಯಾವ ಕಡೆ ಇದೆ ಡಾಕ್ಟ್ರೇ?’

ಡಾಕ್ಟರಮ್ಮ ಟಾರ್ಚ್ ಬಿಟ್ಟರು. ‘ಈಗ?’

‘ಈಗ ಏನು?’

ಡಾಕ್ಟರಮ್ಮ ಟಾರ್ಚನ್ನು ಆರಿಸಿ ಜೇಬಿಗಿಟ್ಟುಕೊಂಡರು. ಹಿಂದಿನ ಪರದೆ ಪೂರ್ತಿ ಹೋಗಿದೆ, ಆಸೆ ಇಟ್ಟುಕೊಳ್ಳುವುದು ಬೇಡ ಎಂದು ಮೆಲ್ಲಗೆ ಹೇಳಿ, ಅಣ್ಣನ ಭುಜ ಮುಟ್ಟಿ ಹೊರಟುಹೋದರು.

ಆಗ ತಮ್ಮಣ್ಣನ ಎದೆಯಿಂದ ಒಂದು ಉಸಿರು ಹೊರಬಂತು. ನೀಳವಾದ, ಹಗುರಾದ ಉಸಿರು. ಬಚಾವಾದೆ ಎಂಬ ಉಸಿರು. ಅವನು ಬಿಟ್ಟದ್ದಲ್ಲ, ಅವನನ್ನು ಕೇಳದೆ ಮೈಯೇ ಬಿಟ್ಟದ್ದು. ಅದು ಎಂಥ ಉಸಿರೆಂದು ತಿಳಿದದ್ದೇ ತಡ, ಅವನು ಗೋಡೆಗೆ ಒರಗಿ ಕುಸಿದು, ಬಾಯಿಗೆ ಬಟ್ಟೆ ತುರುಕಿಕೊಂಡರೂ ನಿಲ್ಲದಂತೆ ಬಿಕ್ಕತೊಡಗಿದ.

‘ಯಾರದು?’ ಅಣ್ಣ ಕಿವಿಗೊಟ್ಟ. ‘ತಮ್ಮನಾ ಅಳ್ತಾ ಇರೋದು? ಲೋ, ಬಾ ಇಲ್ಲಿ. ಬಾರೋ ಅಂದ್ರೆ.’

ಅತ್ತಿಗೆ ರೆಟ್ಟೆ ಹಿಡಿದು ಎಬ್ಬಿಸಿ ತಂದರು. ತಮ್ಮಣ್ಣ ಅಣ್ಣನ ಕಾಲಿನ ಹತ್ತಿರ ನೆಲದ ಮೇಲೆ ಕೂತ. ‘ಅಣ್ಣಾ, ನಾನು, ನಾನು…’

‘ಸುಮ್ನಿರು. ನನಗೆ ಗೊತ್ತಿಲ್ವಾ?’

ತಮ್ಮಣ್ಣನ ಬಿಕ್ಕು ತಟ್ಟನೆ ನಿಂತಿತು. ಅಣ್ಣನ ಕೈ ಗಾಳಿಯಲ್ಲಿ ತಡಕಾಡಿ ಅವನ ಬೋಳುತಲೆಯನ್ನು ಹುಡುಕಿ, ಅದರ ಮೇಲೆ ನಿಂತಿತು.

‘ನನಗೆ ಕಣ್ಣು ಬರ್ಲಿ ಅಂತ ನಿನ್ನಷ್ಟು ಆಸೆ ಪಟ್ಟೋರು ಈ ಲೋಕದಲ್ಲಿ ಇನ್ಯಾರೂ ಇಲ್ಲ ಕಣೋ’ ಎಂದ ಅಣ್ಣ. ‘ನಿಮ್ಮತ್ತಿಗೆನೂ ಅಷ್ಟು ಪಟ್ಟಿಲ್ಲ.’

‘ನಿಜ’ ಎಂದರು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತ.

ತಮ್ಮಣ್ಣ ಅಣ್ಣನ ಮಡಿಲಿಗೆ ಮುಖವಿಟ್ಟು ಮೊದಲಿಗಿಂತ ಜೋರಾಗಿ ಅತ್ತ. ಅವರಿಬ್ಬರೂ ಸೇರಿ ಅವನನ್ನು ಬಹಳ ಹೊತ್ತು ಸಮಾಧಾನ ಮಾಡಿದರು.